ಮಂಡಕ್ಕಿಯೂ ಮೆತ್ತಗಾಗಬಾರದು, ಕವರೂ ಮಣ್ಣಲ್ಲಿ ಕೊಳೆಯಬೇಕು: ನ್ಯಾನೋ ಕಣ ಬೆರೆಸಿದ ಪಿಷ್ಟದ ಹಾಳೆಯ ಒಳಗುಟ್ಟು

ಜುಲೈ ತಿಂಗಳ ಸೋನೆ ಮಳೆಯಲ್ಲಿ ದಾವಣಗೆರೆಯ ಮಂಡಕ್ಕಿಯನ್ನು ತಟ್ಟೆಯಲ್ಲಿ ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಸಾಕು, ಗರಿಗರಿ ಹೋಗಿ ಹಲ್ಲಿಗೆ ಅಂಟುತ್ತದೆ. ಅದೇ ಮಂಡಕ್ಕಿ ಪ್ಲಾಸ್ಟಿಕ್ ಕವರಿನಲ್ಲಿ ಬಾಯಿ ಕಟ್ಟಿಸಿಕೊಂಡು ಕೂತಿದ್ದರೆ ದಿನಗಟ್ಟಲೆ ಗರಿ ಬಿಡುವುದಿಲ್ಲ. ಆ ತೆಳ್ಳನೆಯ ಕವರು ಮಾಡುತ್ತಿರುವುದು ಮುಖ್ಯವಾಗಿ ಒಂದೇ ಕೆಲಸ: ಗಾಳಿಯಲ್ಲಿರುವ ನೀರಾವಿಯನ್ನು ಒಳಗೆ ಬಿಡದಿರುವುದು. ನೀರನ್ನು ಹತ್ತಿರ ಸೇರಿಸದ ಗುಣವೇ ಪಾಲಿಥೀನಿನ ಬಲ. ಮಣ್ಣಿಗೆ ಬಿದ್ದ ಮೇಲೆ ಆ ಗುಣವೇ ಪೀಡೆ. ಸೂಕ್ಷ್ಮಜೀವಿಗಳು ಬಿಡುವ ಕಿಣ್ವಗಳು ನೀರಿಲ್ಲದೆ ಕೆಲಸ ಮಾಡುವುದಿಲ್ಲ. ನೀರೇ ಅಂಟದ, ಇಂಗಾಲದ ಗಟ್ಟಿ ಸರಪಳಿಯ ಈ ಹಾಳೆ ಅವುಗಳ ಬಾಯಿಗೆ ಸಿಗುವುದಿಲ್ಲ.

ಕೊಳೆಯಬೇಕಾದರೆ ನೀರು ಬೇಕು, ಆಹಾರ ಕಾಯಬೇಕಾದರೆ ನೀರು ಬೇಡ. ಜೈವಿಕವಾಗಿ ಕೊಳೆಯುವ ಪ್ಯಾಕಿಂಗ್ ಹಾಳೆಯ ಸಂಶೋಧನೆಯೆಲ್ಲ ಈ ಎರಡರ ನಡುವಿನ ಜಗ್ಗಾಟ. ನ್ಯಾನೋ ಕಣ ಬೆರೆಸುವುದು ಆ ಜಗ್ಗಾಟದಲ್ಲಿ ಒಂದು ಉಪಾಯ. ಪವಾಡವಲ್ಲ, ಲೆಕ್ಕ ಹಾಕಿ ತೋರಿಸಬಹುದಾದ ಉಪಾಯ.

ಹಾಳೆಗೆ ಬೇಕಾದ ಕಚ್ಚಾವಸ್ತು ಈ ಸೀಮೆಯಲ್ಲಿ ಬೇಕಾದಷ್ಟಿದೆ. ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ನಾಡು. ಮೆಕ್ಕೆಜೋಳದ ಪಿಷ್ಟದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಅಮೈಲೋಸ್, ಉಳಿದದ್ದು ಅಮೈಲೋಪೆಕ್ಟಿನ್. ಅಮೈಲೋಸ್ ನೀಳ ಸರಪಳಿ, ಅಮೈಲೋಪೆಕ್ಟಿನ್ ಜಾಲಿಗಿಡದ ಹಾಗೆ ಕೊಂಬೆಕೊಂಬೆ. ಹಾಳೆ ಕಟ್ಟುವ ಕೆಲಸ ಹೆಚ್ಚಾಗಿ ನೀಳ ಸರಪಳಿಯದು. ಎರಡೂ ಗ್ಲೂಕೋಸಿನಿಂದ ಆದವು, ಗ್ಲೂಕೋಸಿನ ಪ್ರತಿ ಕೊಂಡಿಯಲ್ಲೂ ನೀರನ್ನು ಕರೆದು ಕೂರಿಸಿಕೊಳ್ಳುವ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ. ಹಾಗಾಗಿ ಬರೀ ಪಿಷ್ಟದ ಹಾಳೆ ಮಳೆಗಾಲದಲ್ಲಿ ಒದ್ದೆ ಹಪ್ಪಳದಂತೆ ಜೋಲುತ್ತದೆ. ಚಿತ್ರದುರ್ಗದ ಮಾರ್ಚ್ ತಿಂಗಳ ಒಣಗಾಳಿಗೆ ಇಟ್ಟರೆ ಒಣ ಹಪ್ಪಳದಂತೆ ಮುರಿಯುತ್ತದೆ.

ಮುರಿಯದಿರಲು ಗ್ಲಿಸರಿನ್ ಹಾಕುತ್ತಾರೆ. ಅದು ಸರಪಳಿಗಳ ನಡುವೆ ನುಸುಳಿ ಒಂದರ ಮೇಲೊಂದು ಜಾರಲು ಬಿಡುತ್ತದೆ. ಪಿಷ್ಟದ ತೂಕದ 25ರಿಂದ 30ರಷ್ಟು ಶೇಕಡಾ ಸಾಮಾನ್ಯ ಅಳತೆ. 40 ದಾಟಿದರೆ ಹಾಳೆ ಬೆವರಿದಂತೆ ಅಂಟಂಟಾಗುತ್ತದೆ. 15ಕ್ಕಿಂತ ಕಡಿಮೆಯಾದರೆ ಮೆತ್ತಗಾಗುವ ಬದಲು ಇನ್ನಷ್ಟು ಬಿರುಸಾಗುವುದುಂಟು, ಏಕೆಂದರೆ ಆ ಸ್ವಲ್ಪ ಗ್ಲಿಸರಿನ್ ಸರಪಳಿಗಳಿಗೇ ಬಿಗಿಯಾಗಿ ಅಂಟಿಕೊಂಡು ಅವುಗಳ ಅಲುಗಾಟವನ್ನೇ ನಿಲ್ಲಿಸುತ್ತದೆ. ಬಲಕ್ಕೆಂದು ಪಾಲಿವಿನೈಲ್ ಆಲ್ಕೋಹಾಲ್, ಅಂದರೆ ಪಿವಿಎ, ಬೆರೆಸುವುದು ವಾಡಿಕೆ. ಅದು ನೀರಲ್ಲಿ ಕರಗುತ್ತದೆ, ಪಿಷ್ಟದೊಡನೆ ಹೊಂದುತ್ತದೆ. ಆದರೆ ಅದು ಪೆಟ್ರೋಲಿಯಂ ಮೂಲದ್ದು, ಮತ್ತು ಅದನ್ನು ತಿನ್ನಬಲ್ಲ ಸೂಕ್ಷ್ಮಜೀವಿಗಳು ಎಲ್ಲ ಮಣ್ಣಲ್ಲೂ ಹೇರಳವಾಗಿಲ್ಲ. ಪಿವಿಎ ಇರುವ ಹಾಳೆಯನ್ನು ‘ಪೂರ್ತಿ ಸಸ್ಯಮೂಲ’ ಎಂದು ಕರೆದರೆ ಅದು ಸುಳ್ಳು.

ಎರೆಹೊಲ ಹೇಳಿಕೊಡುವ ಪಾಠ

ನ್ಯಾನೋ ಎಂದರೆ 1ರಿಂದ 100 ನ್ಯಾನೋಮೀಟರ್ ಗಾತ್ರ. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್. ಇಷ್ಟು ಚಿಕ್ಕದು ಮಾಡಿದರೆ ಏನು ಲಾಭ? ಒಂದು ಸೆಂಟಿಮೀಟರ್ ಘನದ, ಸಕ್ಕರೆ ಅಚ್ಚಿನಷ್ಟು, ಒಂದು ತುಂಡು ತೆಗೆದುಕೊಳ್ಳಿ. ಆರು ಮುಖ, ಒಟ್ಟು 6 ಚದರ ಸೆಂಟಿಮೀಟರ್ ಮೇಲ್ಮೈ. ಅದನ್ನೇ 10 ನ್ಯಾನೋಮೀಟರಿನ ಚೂರುಗಳಾಗಿ ಕತ್ತರಿಸಿದರೆ ಮೇಲ್ಮೈ ಹತ್ತು ಲಕ್ಷ ಪಟ್ಟು ಹಿಗ್ಗಿ 600 ಚದರ ಮೀಟರ್ ಆಗುತ್ತದೆ. ಅಂದರೆ 30×40 ಅಳತೆಯ ಐದು ಸೈಟಿಗಿಂತ ಹೆಚ್ಚು ಜಾಗ. ವಸ್ತು ಅಷ್ಟೇ, ಪಿಷ್ಟದ ಸರಪಳಿ ಹಿಡಿದುಕೊಳ್ಳಲು ಸಿಗುವ ನೆಲ ಮಾತ್ರ ಅಗಾಧ. ಆದ್ದರಿಂದಲೇ ನೂರಕ್ಕೆ ಎರಡು ಭಾಗ ಕಣ ಹಾಕಿದರೂ ಹಾಳೆಯ ಗುಣ ಬದಲಾಗುತ್ತದೆ.

ನೀರಾವಿ ತಡೆಯುವ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ನ್ಯಾನೋ ವಸ್ತು ಮಾಂಟ್‌ಮೊರಿಲೊನೈಟ್ ಎಂಬ ಜೇಡಿ. ಹೆಸರು ಹೊಸದು, ಪರಿಚಯ ಹಳೆಯದು. ದಾವಣಗೆರೆ–ಚಿತ್ರದುರ್ಗದ ಎರೆಹೊಲ ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಾಯಿ ಬಿಡುವುದು, ಮೊದಲ ಹದ ಮಳೆಗೆ ಉಬ್ಬಿ ಮುಚ್ಚಿಕೊಳ್ಳುವುದು, ಎರೆಯ ಮೇಲೆ ಕಟ್ಟಿದ ಗೋಡೆ ಸೀಳುವುದು, ಇವೆಲ್ಲ ಈ ಜಾತಿಯ ಜೇಡಿಯ ಆಟ. ಇದರ ಕಣ ಪುಸ್ತಕದ ಹಾಗೆ ಪದರ ಪದರ. ಒಂದೊಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್, ಅಗಲ ನೂರಾರು. ಮಳೆನೀರು ಪದರಗಳ ನಡುವೆ ಹೊಕ್ಕು ಅವನ್ನು ದೂರ ಸರಿಸುತ್ತದೆ, ನೆಲ ಉಬ್ಬುತ್ತದೆ. ನೀರು ಹೊಗಬಲ್ಲ ಆ ಸಂದಿಗೆ ನೀರಲ್ಲಿ ಕರಗಿದ ಪಿಷ್ಟವೂ ಹೊಗಬಲ್ಲದು. ಪಿಷ್ಟ ಹೊಕ್ಕು ಹಾಳೆ ಹಾಳೆಯಾಗಿ ಬಿಡಿಸಿದರೆ ಪುಸ್ತಕ ಬಿಚ್ಚಿ ಪುಟಗಳನ್ನು ಹರವಿದಂತಾಗುತ್ತದೆ. (ಹೊಲದ ಮಣ್ಣನ್ನೇ ತಂದು ಬೆರೆಸುವಂತಿಲ್ಲ. ಅದರಲ್ಲಿ ಮರಳು, ಸುಣ್ಣ, ಕಬ್ಬಿಣ, ಜೀವಾಂಶ ಎಲ್ಲ ಇರುತ್ತವೆ. ಪ್ರಯೋಗಕ್ಕೆ ಶುದ್ಧೀಕರಿಸಿದ ಜೇಡಿಯೇ ಬೇಕು.)

ಹರವಿದ ಪುಟಗಳ ನಡುವೆ ನೀರಾವಿಯ ಅಣು ನೇರ ದಾಟಲಾಗದು. ಸುತ್ತಿ ಬಳಸಿ ಹೋಗಬೇಕು. ದಾರಿ ಉದ್ದವಾದಷ್ಟು ದಾಟುವ ನೀರು ಕಡಿಮೆ. 1967ರಲ್ಲಿ ನೀಲ್ಸನ್ ಎಂಬ ವಿಜ್ಞಾನಿ ಕೊಟ್ಟ ಸರಳ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಹಾಳೆಯಲ್ಲಿ ಪಿಷ್ಟದ ಪಾಲನ್ನು ಮೇಲಿಡಿ, ಕೆಳಗೆ, ಪದರದ ಅಗಲವನ್ನು ದಪ್ಪದ ಎರಡರಷ್ಟರಿಂದ ಭಾಗಿಸಿ, ಜೇಡಿಯ ಪಾಲಿನಿಂದ ಗುಣಿಸಿ, ಒಂದು ಕೂಡಿ. ಅಗಲ ದಪ್ಪದ ನೂರು ಪಟ್ಟಿದ್ದು, ಜೇಡಿ ಗಾತ್ರದಲ್ಲಿ ನೂರಕ್ಕೆ ಎರಡು ಭಾಗ ಇದ್ದರೆ 0.98 ಭಾಗಿಸು 2, ಅಂದರೆ 0.49. ಎರಡೇ ಭಾಗ ಜೇಡಿಗೆ ನೀರಾವಿಯ ಹರಿವು ಅರ್ಧಕ್ಕೆ ಇಳಿಯಬೇಕು.

‘ಇಳಿಯಬೇಕು’ ಎಂದದ್ದು ಬೇಕೆಂದೇ. ಪದರಗಳು ಪೂರ್ತಿ ಬಿಚ್ಚಿಕೊಂಡು, ಹಾಳೆಯ ಸಮಕ್ಕೆ ಮಲಗಿದ್ದರೆ ಮಾತ್ರ ಈ ಲೆಕ್ಕ ನಿಜ. ಹತ್ತು ಪದರ ಒಟ್ಟಿಗೆ ಅಂಟಿಕೊಂಡಿದ್ದರೆ ಅಗಲ–ದಪ್ಪದ ಅನುಪಾತ ನೂರರಿಂದ ಹತ್ತಕ್ಕೆ ಇಳಿಯುತ್ತದೆ, ಅದೇ ಸೂತ್ರದಲ್ಲಿ ಉತ್ತರ 0.89ಕ್ಕೆ ಏರುತ್ತದೆ. ಕಣ ಹಾಕಿದ ಖರ್ಚು ಅಷ್ಟೇ, ಲಾಭ ಮಾತ್ರ ಶೇಕಡಾ 51ರಿಂದ 11ಕ್ಕೆ. ಬಿಚ್ಚಿದೆಯೇ ಇಲ್ಲವೇ ಎಂಬುದನ್ನು ಎಕ್ಸ್‌ರೇ ವಿವರ್ತನೆ, ಅಂದರೆ ಕಿರಣ ಪದರಗಳಿಗೆ ತಗುಲಿ ಯಾವ ಕೋನದಲ್ಲಿ ಜೋರಾಗಿ ಹೊರಬರುತ್ತದೆ ಎಂದು ನೋಡುವ ಪರೀಕ್ಷೆ, ಹೇಳುತ್ತದೆ. ಪದರಗಳ ಅಂತರ 1.2 ನ್ಯಾನೋಮೀಟರ್ ಇದ್ದಾಗ ಸುಮಾರು 7 ಡಿಗ್ರಿ ಕೋನದಲ್ಲಿ ಕಾಣುವ ಶಿಖರ, ಪಿಷ್ಟ ಒಳಹೊಕ್ಕು ಅಂತರ 1.8 ಆದರೆ 5 ಡಿಗ್ರಿಯ ಹತ್ತಿರಕ್ಕೆ ಸರಿಯುತ್ತದೆ. ಪೂರ್ತಿ ಬಿಚ್ಚಿದರೆ ಶಿಖರವೇ ಮಾಯ.

ಸತುವಿನ ಆಕ್ಸೈಡ್‌ನ ಕೆಲಸ ಬೇರೆ. ಅದರ ಕಣ ಹೆಚ್ಚಾಗಿ ಗುಂಡಗಿರುತ್ತದೆ. ಅಗಲ, ದಪ್ಪ ಒಂದೇ. ಅದೇ ಸೂತ್ರಕ್ಕೆ ಹಾಕಿದರೆ ನೂರಕ್ಕೆ ಎರಡು ಭಾಗಕ್ಕೆ ಸಿಗುವ ಉತ್ತರ 0.97, ಅಂದರೆ ದಾರಿ ಬಳಸುವುದರಿಂದ ಸಿಗುವ ಲಾಭ ಶೇಕಡಾ ಮೂರು. ಪಿಷ್ಟದ ಹೈಡ್ರಾಕ್ಸಿಲ್‌ಗಳನ್ನು ಹಿಡಿದುಕೊಂಡು ನೀರಿಗೆ ಜಾಗ ಕಡಿಮೆ ಮಾಡುವುದರಿಂದ ಇನ್ನೊಂದಿಷ್ಟು ಸಿಗಬಹುದು. ಅದನ್ನು ಹಾಕುವುದಕ್ಕೆ ನಿಜವಾದ ಕಾರಣ, ಅದು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ, ಸುಮಾರು 375 ನ್ಯಾನೋಮೀಟರಿಗಿಂತ ಕೆಳಗಿನ ನೇರಳಾತೀತ ಬೆಳಕನ್ನು ಹೀರುತ್ತದೆ ಎಂಬುದು. ಎಣ್ಣೆಯ ತಿನಿಸು ಬೆಳಕಿಗೆ ಕನರು ವಾಸನೆ ಹಿಡಿಯುವುದನ್ನು ತಡೆಯಲು ಇದು ನೆರವು. ನೀರು ತಡೆಯಲು ಜೇಡಿ, ರೋಗಾಣು ತಡೆಯಲು ಸತು. ಈ ಹಂಚಿಕೆ ಮನಸ್ಸಲ್ಲಿ ಇಲ್ಲದೆ ಕಪಾಟಿನಲ್ಲಿ ಇದ್ದ ಕಣವನ್ನು ಹಾಕಿ ಎಲ್ಲ ಗುಣವೂ ಸುಧಾರಿಸಲಿ ಎಂದು ಕಾಯುವುದು ಹೊಸ ವಿದ್ಯಾರ್ಥಿಗಳು ಮಾಡುವ ಮೊದಲ ತಪ್ಪು.

ಸತುವಿನ ಆಕ್ಸೈಡ್ ಕಣವನ್ನು ಲ್ಯಾಬಿನಲ್ಲೇ ಮಾಡಿಕೊಳ್ಳಬಹುದು. ಸತುವಿನ ನೈಟ್ರೇಟನ್ನು ಯೂರಿಯಾದಂಥ ಇಂಧನದೊಡನೆ ನೀರಲ್ಲಿ ಕರಗಿಸಿ ಮಫಲ್ ಫರ್ನೇಸ್ ಎಂಬ ಲ್ಯಾಬಿನ ಕುಲುಮೆಯಲ್ಲಿ ಇಟ್ಟರೆ ಕುದಿದು, ನೊರೆಯೆದ್ದು, ಉರಿದು, ಹಗುರ ಪುಡಿ ಉಳಿಯುತ್ತದೆ. ಈ ‘ದ್ರಾವಣ ದಹನ’ ವಿಧಾನವನ್ನು 1980ರ ದಶಕದಲ್ಲಿ ರೂಪಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಸಿ. ಪಾಟೀಲರ ತಂಡ.

ಹಾಳೆ ಎರೆಯುವ ಕ್ರಮ

ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ಸಿನ ಲ್ಯಾಬಿರಲಿ, ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗವಿರಲಿ, ಬಿಸಿ ಮಾಡುವ ಮ್ಯಾಗ್ನೆಟಿಕ್ ಸ್ಟಿರರ್, ಶಬ್ದದಲೆಯಿಂದ ಕಣ ಚದುರಿಸುವ ಪ್ರೋಬ್ ಸೋನಿಕೇಟರ್, ಒವನ್, ಮಿಲಿಗ್ರಾಂ ತೂಗುವ ತಕ್ಕಡಿ ಇದ್ದರೆ ಹಾಳೆ ಮಾಡಬಹುದು. ನೀರು 100 ಮಿಲಿ, ಪಿಷ್ಟ 3 ಗ್ರಾಂ, ಪಿವಿಎ 2 ಗ್ರಾಂ, ಗ್ಲಿಸರಿನ್ 1.25 ಗ್ರಾಂ (ಪಿಷ್ಟ, ಪಿವಿಎ ಎರಡೂ ಸೇರಿದ ತೂಕದ ಕಾಲು ಭಾಗ), ಸತುವಿನ ಆಕ್ಸೈಡ್ 0.1 ಗ್ರಾಂ.

ಪಿವಿಎಯನ್ನು 60 ಮಿಲಿ ತಣ್ಣೀರಿಗೆ ಉದುರಿಸಿ ಆಮೇಲೆ ಬಿಸಿ ಏರಿಸಬೇಕು, 85–90 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ಪಿಷ್ಟವನ್ನು ಪ್ರತ್ಯೇಕವಾಗಿ 30 ಮಿಲಿ ತಣ್ಣೀರಲ್ಲಿ ಕದಡಿ, ಆ ಹಿಟ್ಟುನೀರನ್ನು ಬಿಸಿ ಪಿವಿಎಗೆ ಸಣ್ಣ ಧಾರೆಯಾಗಿ ಬಿಡಬೇಕು. ಒಣ ಪಿಷ್ಟವನ್ನೇ ಬಿಸಿನೀರಿಗೆ ಸುರಿದರೆ ಮುದ್ದೆಗೆ ರಾಗಿಹಿಟ್ಟು ಗಂಟು ಕಟ್ಟುವಂತೆ ಕಟ್ಟುತ್ತದೆ: ಹೊರಗಿನ ಪದರ ಬೆಂದು ಅಂಟಾಗಿ, ನೀರು ಒಳಗೆ ಹೋಗದೆ, ನಡುವೆ ಹಸಿ ಹಿಟ್ಟು ಉಳಿಯುತ್ತದೆ. ಮುದ್ದೆಯಲ್ಲಿ ಕೋಲು ತಿರುವಿ ಒಡೆಯಬಹುದು, ಇಲ್ಲಿ ಆಗದು. ಗಂಟು ಹಾಳೆಯಲ್ಲಿ ಬಿಳಿ ಚುಕ್ಕೆಯಾಗಿ ನಿಂತು ಎಳೆದಾಗ ಅಲ್ಲಿಂದಲೇ ಹರಿಯುತ್ತದೆ. ಮೆಕ್ಕೆಜೋಳದ ಪಿಷ್ಟ 62ರಿಂದ 72 ಡಿಗ್ರಿಯಲ್ಲಿ ಬೇಯಲು ತೊಡಗುತ್ತದೆ, ಆದರೆ ಹರಳೆಲ್ಲ ಒಡೆಯಲು 85–90 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಕು. ಮೋಡಮೋಡವಾಗಿದ್ದ ದ್ರಾವಣ ತಿಳಿಯಾದರೆ ಬೆಂದಿದೆ ಎಂದರ್ಥ. ಗ್ಲಿಸರಿನ್ ಹಾಕುವುದು ಆಮೇಲೆ.

ಇನ್ನು ಕಣ. 10 ಮಿಲಿ ನೀರಲ್ಲಿ ಹಾಕಿ, ಬೀಕರನ್ನು ಐಸಿನಲ್ಲಿಟ್ಟು, ಪ್ರೋಬ್ ಸೋನಿಕೇಟರಿನಲ್ಲಿ 10–15 ನಿಮಿಷ, ನಡುನಡುವೆ ನಿಲ್ಲಿಸಿ. ಈ ಹೆಜ್ಜೆಯನ್ನು ಅವಸರ ಮಾಡಿದರೆ ಉಳಿದದ್ದೆಲ್ಲ ವ್ಯರ್ಥ. ನ್ಯಾನೋ ಕಣಗಳಿಗೆ ಮೇಲ್ಮೈ ಅತಿ ಹೆಚ್ಚು ಇರುವುದರಿಂದ ಅವು ಒಂದನ್ನೊಂದು ತಬ್ಬಿ ಗುಂಪಾಗುತ್ತವೆ. ಗುಂಪು ಕೆಲವು ಮೈಕ್ರಾನ್ (ಅಂದರೆ ಸಾವಿರಾರು ನ್ಯಾನೋಮೀಟರ್) ಆಯಿತೆಂದರೆ ಅದು ನ್ಯಾನೋ ಅಲ್ಲ, ಬರೀ ಮರಳಿನ ಪುಡಿ. ಕಣದ ಪ್ರಮಾಣ ಹೆಚ್ಚಿಸುತ್ತ ಹೋದಂತೆ ಹಾಳೆಯ ಬಲ ಮೊದಲು ಏರಿ, ನೂರಕ್ಕೆ 3–5ರ ಸುಮಾರಿನಲ್ಲಿ ತಿರುಗಿ ಇಳಿಯುವುದು ಇದೇ ಕಾರಣಕ್ಕೆ. ಚದುರಿದ ಕಣವನ್ನು 60 ಡಿಗ್ರಿಗೆ ಇಳಿದ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟು ಅರ್ಧ ಗಂಟೆ ಕಲಸಬೇಕು. ಆವಿಯಾಗಿ ಹೋದ ನೀರನ್ನು ತೂಕ ನೋಡಿ ತುಂಬಬೇಕು.

ಕಲಸಿದಾಗ ಸೇರಿದ ಗಾಳಿಗುಳ್ಳೆ ಹೋಗಲು ವ್ಯಾಕ್ಯೂಮಿನಲ್ಲಿ ಹತ್ತು ನಿಮಿಷ ಇಡಬೇಕು. ಒಂದೊಂದು ಗುಳ್ಳೆಯೂ ಒಣಗಿದ ಮೇಲೆ ಸೂಜಿರಂಧ್ರ. ಆ ರಂಧ್ರದ ಮೂಲಕ ನೀರಾವಿ ನೇರ ಓಡುತ್ತದೆ, ಜೇಡಿ ಹಾಕಿದ್ದರೂ ಅದರ ಚಕ್ರವ್ಯೂಹಕ್ಕೆ ಅರ್ಥವೇ ಉಳಿಯುವುದಿಲ್ಲ. ಎರೆಯುವುದನ್ನು ಅಳತೆಗಿಂತ ತೂಕದಿಂದ ಮಾಡುವುದು ಲೇಸು. 15 ಸೆಂಟಿಮೀಟರ್ ತಟ್ಟೆಯ ವಿಸ್ತೀರ್ಣ 177 ಚದರ ಸೆಂಟಿಮೀಟರ್. 80 ಮೈಕ್ರಾನ್ ದಪ್ಪ ಬೇಕಿದ್ದು, ಹಾಳೆಯ ಸಾಂದ್ರತೆ 1.3 ಎಂದಿಟ್ಟರೆ ಒಣ ಪದಾರ್ಥ 1.84 ಗ್ರಾಂ ಬೇಕು. ಮೇಲಿನ ದ್ರಾವಣದಲ್ಲಿ ಒಣ ಪದಾರ್ಥ ನೂರಕ್ಕೆ ಸುಮಾರು ಆರು, ಹಾಗಾಗಿ ತಟ್ಟೆಗೆ 30–31 ಗ್ರಾಂ. ತಟ್ಟೆಯಡಿ ಗಾರೆಯವರ ರಸಮಟ್ಟ ಇಟ್ಟು ನೋಡಿ. ಒಂದು ಕಡೆ ಒಂದೆರಡು ಮಿಲಿಮೀಟರ್ ವಾಲಿದರೂ ಹಾಳೆಯ ಒಂದಂಚು ಇನ್ನೊಂದರ ಎರಡರಷ್ಟು ದಪ್ಪ ಆದೀತು.

40–45 ಡಿಗ್ರಿಯಲ್ಲಿ 20–24 ಗಂಟೆ ಒಣಗಿಸಬೇಕು. ಬೇಗ ಆಗಲೆಂದು 70ಕ್ಕೆ ಏರಿಸಿದರೆ ಮೇಲೆ ಕೆನೆ ಕಟ್ಟಿ, ಒಳಗಿನ ನೀರು ಹೊರಬರಲಾಗದೆ, ಅಂಚು ಸುರುಳಿಯಾಗಿ ಏಳುತ್ತದೆ. ಅತಿ ನಿಧಾನವೂ ಅಪಾಯ: ಸತುವಿನ ಆಕ್ಸೈಡ್‌ನ ಸಾಂದ್ರತೆ 5.6, ನೀರಿಗಿಂತ ಐದೂವರೆ ಪಟ್ಟು ಭಾರ. ಸರಿಯಾಗಿ ಚದುರದ ಗುಂಪುಗಳು ತಳಕ್ಕೆ ಇಳಿದು ಹಾಳೆಯ ಎರಡು ಮುಖ ಎರಡು ಗುಣದ್ದಾಗುತ್ತವೆ. ಆದ್ದರಿಂದ ಬಿಡಿಸುವಾಗಲೇ ಯಾವುದು ಗಾಳಿಯ ಮುಖ, ಯಾವುದು ತಟ್ಟೆಯ ಮುಖ ಎಂದು ಗುರುತು ಹಾಕಿಡಬೇಕು.

ಪಿವಿಎ ಬದಲು ಕೈಟೋಸಾನ್ (ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುವ ಪದಾರ್ಥ) ಬಳಸುವವರು ಒಂದು ಮಾತು ನೆನಪಿಡಬೇಕು. ಕೈಟೋಸಾನ್ ಕರಗಲು ನೂರಕ್ಕೆ ಒಂದರ ಅಸಿಟಿಕ್ ಆಮ್ಲ ಬೇಕು. ಆ ಆಮ್ಲದಲ್ಲಿ ಸತುವಿನ ಆಕ್ಸೈಡ್ ಕೂಡ ಕರಗುತ್ತದೆ. ತಟ್ಟೆಯಲ್ಲಿ ಉಳಿಯುವುದು ಕಣವಲ್ಲ, ಸತುವಿನ ಲವಣ. ಎಕ್ಸ್‌ರೇಯಲ್ಲಿ 31.8, 34.4, 36.3 ಡಿಗ್ರಿಗಳಲ್ಲಿ ಸತುವಿನ ಆಕ್ಸೈಡಿನ ಶಿಖರ ಕಾಣದಿದ್ದರೆ ಅದನ್ನು ನ್ಯಾನೋ ಹಾಳೆ ಎಂದು ಕರೆಯುವುದು ಸರಿಯಲ್ಲ.

ಅಳೆಯುವುದು

ಹೊಸ ಹಾಳೆಯನ್ನು ಕೂಡಲೇ ಅಳೆಯಬಾರದು. ಬೆಳಿಗ್ಗೆ ಎಳೆದಾಗ ಒಂದು ಬಲ, ಮಳೆ ಬಂದ ಸಂಜೆ ಇನ್ನೊಂದು ಬಲ ತೋರಿಸುವ ವಸ್ತು ಇದು. ಮೆಗ್ನೀಸಿಯಂ ನೈಟ್ರೇಟಿನ ತುಂಬು ದ್ರಾವಣವನ್ನು (ಇನ್ನಷ್ಟು ಹಾಕಿದರೆ ಕರಗದಂಥದ್ದು) ಡೆಸಿಕೇಟರ್ ಎಂಬ ಗಾಳಿಯಾಡದ ಮುಚ್ಚಳದ ಪಾತ್ರೆಯ ತಳದಲ್ಲಿಟ್ಟರೆ 25 ಡಿಗ್ರಿಯಲ್ಲಿ ಒಳಗಿನ ತೇವಾಂಶ ಶೇಕಡಾ 53ಕ್ಕೆ ನಿಲ್ಲುತ್ತದೆ. ಹಾಳೆ ಅಲ್ಲಿ 48 ಗಂಟೆ ಇರಬೇಕು. ಬೇಸಿಗೆಯಲ್ಲಿ ಮಾಡಿದ ಫಲಿತಾಂಶವನ್ನು ಮಳೆಗಾಲದ ಫಲಿತಾಂಶದ ಪಕ್ಕ ಇಡಲು ಬೇರೆ ದಾರಿ ಇಲ್ಲ.

ನೀರಾವಿಯ ಪರೀಕ್ಷೆ ಸರಳ. 5 ಸೆಂಟಿಮೀಟರ್ ಬಾಯಿಯ ಬಟ್ಟಲಿಗೆ ಹುರಿದು ಒಣಗಿಸಿದ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ಬಾಯಿಗೆ ಹಾಳೆ ಬಿಗಿದು, ಅಂಚಿಗೆ ಮೇಣ ಹಚ್ಚಿ, ಅಡುಗೆ ಉಪ್ಪಿನ ತುಂಬು ದ್ರಾವಣವಿರುವ (ತೇವಾಂಶ ಶೇಕಡಾ 75) ಪೆಟ್ಟಿಗೆಯಲ್ಲಿಟ್ಟು ತೂಕ ನೋಡುತ್ತ ಹೋಗಬೇಕು. ಬಾಯಿಯ ವಿಸ್ತೀರ್ಣ 0.00196 ಚದರ ಮೀಟರ್, ದಿನಕ್ಕೆ 0.6 ಗ್ರಾಂ ಏರಿದರೆ ಹರಿವು ಚದರ ಮೀಟರಿಗೆ ದಿನಕ್ಕೆ ಸುಮಾರು 306 ಗ್ರಾಂ. ಹೋಲಿಕೆಗೆ, 25 ಮೈಕ್ರಾನಿನ ಸಾಮಾನ್ಯ ಪಾಲಿಥೀನ್ 38 ಡಿಗ್ರಿ, ಶೇಕಡಾ 90 ತೇವಾಂಶದ ಕಠಿಣ ಸ್ಥಿತಿಯಲ್ಲೂ ಬಿಡುವುದು 15–20 ಗ್ರಾಂ. ಜೇಡಿ ಹಾಕಿ 306ನ್ನು ಅರ್ಧಕ್ಕೆ ಇಳಿಸಿದರೂ ಪಾಲಿಥೀನಿನ ಹತ್ತಿರಕ್ಕೆ ಬರುವುದಿಲ್ಲ. ‘ನೀರಾವಿ ಶೇಕಡಾ 50 ಇಳಿಕೆ’ ಎಂಬ ತಲೆಬರಹ ಓದುವಾಗ ಎಷ್ಟರಿಂದ ಎಷ್ಟಕ್ಕೆ ಎಂದು ಕೇಳಲೇಬೇಕು.

ಅಂದರೆ ಮಂಡಕ್ಕಿಗೆ ಈ ಹಾಳೆ ಒಂಟಿಯಾಗಿ ಸಾಲದು. ಒಳಗೆ ಮೇಣದ ಅಥವಾ ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಕೊಳೆಯಬಲ್ಲ ಪ್ಲಾಸ್ಟಿಕ್ಕಿನ ತೆಳುಪದರ ಬೇಕು. ಬೆಣ್ಣೆ ದೋಸೆ ಪಾರ್ಸೆಲ್‌ನಲ್ಲಿ ಬೆಣ್ಣೆಯನ್ನು ಇದು ಚೆನ್ನಾಗಿಯೇ ತಡೆಯುತ್ತದೆ, ಪಿಷ್ಟಕ್ಕೂ ಜಿಡ್ಡಿಗೂ ಆಗಿಬರುವುದಿಲ್ಲ. ಆದರೆ ಬಿಸಿ ದೋಸೆಯ ಹಬೆಗೆ ಸೋಲುತ್ತದೆ. ಬಾಳೆಎಲೆಗೆ ಅಲ್ಲಿ ಸಾಟಿಯಿಲ್ಲ. ಚಳ್ಳಕೆರೆಯ ಶೇಂಗಾಬೀಜ ಇದಕ್ಕೆ ಒಪ್ಪುವ ಸರಕು: ಒಣ ಪದಾರ್ಥ, ಕನರಾಗುವುದು ಆಮ್ಲಜನಕದಿಂದ, ಬೆಳಕಿನಿಂದ. ಒಣ ಹವೆಯಲ್ಲಿ ಪಿಷ್ಟ–ಪಿವಿಎ ಹಾಳೆ ಆಮ್ಲಜನಕವನ್ನು ಪಾಲಿಥೀನಿಗಿಂತ ಬಹಳ ಚೆನ್ನಾಗಿ ತಡೆಯುತ್ತದೆ, ಸತು ಬೆಳಕನ್ನು ತಡೆಯುತ್ತದೆ. ಆದರೂ ತೇವ ಏರಿದರೆ ಆ ತಡೆ ಕುಸಿಯುತ್ತದೆ, ಹಾಗಾಗಿ ಮಳೆಗಾಲದ ದಾಸ್ತಾನಿಗೆ ಹೊರಪದರ ಬೇಕೇಬೇಕು. ಟೊಮೆಟೊ, ಸೊಪ್ಪಿನಂಥ ಉಸಿರಾಡುವ ಸರಕಿಗಂತೂ ನೀರಾವಿ ಬಿಡುವ ಗುಣವೇ ಅನುಕೂಲ, ಒಳಗೆ ಹನಿಗಟ್ಟಿ ಬೂಸ್ಟು ಬರುವುದಿಲ್ಲ.

ಆಹಾರಕ್ಕೆ ಏನು ಇಳಿಯುತ್ತದೆ

2018ರ ಆಹಾರ ಸುರಕ್ಷತಾ ಪ್ಯಾಕೇಜಿಂಗ್ ನಿಯಮದಂತೆ ಪ್ಲಾಸ್ಟಿಕ್ ಪ್ಯಾಕಿಂಗಿನಿಂದ ಆಹಾರಕ್ಕೆ ಇಳಿಯುವ ಒಟ್ಟು ಪದಾರ್ಥ ಕಿಲೋಗೆ 60 ಮಿಲಿಗ್ರಾಂ ಅಥವಾ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ದಾಟಬಾರದು. ನಮ್ಮ 80 ಮೈಕ್ರಾನ್ ಹಾಳೆಯ ಒಂದು ಚದರ ಡೆಸಿಮೀಟರ್ ತೂಗುವುದು 1,040 ಮಿಲಿಗ್ರಾಂ. ನೂರಕ್ಕೆ ಒಂದು ಭಾಗ ಕರಗಿದರೂ ಮಿತಿ ಮುಟ್ಟಿತು. ನೀರಿಗೆ ಹಾಕಿದರೆ ಗ್ಲಿಸರಿನ್ ಒಂದೇ ಅದಕ್ಕಿಂತ ಹತ್ತಾರು ಪಟ್ಟು ಇಳಿಯುತ್ತದೆ. ಒದ್ದೆ ಆಹಾರಕ್ಕೆ ಈ ಹಾಳೆ ತಾಗಬಾರದು ಎನ್ನಲು ಇದೊಂದೇ ಲೆಕ್ಕ ಸಾಕು. ಸಿಟ್ರಿಕ್ ಆಮ್ಲ ಬೆರೆಸಿ, ಒಣಗಿದ ಹಾಳೆಯನ್ನು 120 ಡಿಗ್ರಿಗಿಂತ ಮೇಲೆ ಸ್ವಲ್ಪ ಹೊತ್ತು ಕಾಸಿ ಸರಪಳಿಗಳನ್ನು ಒಂದಕ್ಕೊಂದು ಹೆಣೆದರೆ ಕರಗುವುದು ಕಡಿಮೆಯಾಗುತ್ತದೆ, ಜೊತೆಗೆ ಹಾಳೆ ಹಳದಿಗೆ ತಿರುಗುತ್ತದೆ.

ಸತುವಿಗೆ ಅದೇ ನಿಯಮದಲ್ಲಿ ಪ್ರತ್ಯೇಕ ಮಿತಿ ಇದೆ, ಕಿಲೋಗೆ 25 ಮಿಲಿಗ್ರಾಂ. ಮೇಲಿನ ಪಾಕದ ಹಾಳೆಯ ಚದರ ಡೆಸಿಮೀಟರಿನಲ್ಲಿ ಸುಮಾರು 13 ಮಿಲಿಗ್ರಾಂ ಸತು ಇರುತ್ತದೆ. ಒಂದು ಕಿಲೋ ಆಹಾರಕ್ಕೆ 6 ಚದರ ಡೆಸಿಮೀಟರ್ ಹಾಳೆ ಎಂಬ ವಾಡಿಕೆಯ ಲೆಕ್ಕದಲ್ಲಿ ಒಟ್ಟು 79 ಮಿಲಿಗ್ರಾಂ. ಮೂರನೇ ಒಂದು ಭಾಗ ಇಳಿದರೆ ಮಿತಿ ದಾಟಿತು. ಹುಣಸೆಹಣ್ಣು, ನಿಂಬೆ ಉಪ್ಪಿನಕಾಯಿಯಂಥ ಹುಳಿ ಪದಾರ್ಥ ಅದನ್ನು ಕರಗಿಸಿಯೇ ತೀರುತ್ತದೆ. ಅವಕ್ಕೆ ಸತುವಿನ ಹಾಳೆ ಬೇಡವೇ ಬೇಡ.

ಕೊನೆಗೆ ಮಣ್ಣಿನ ಪರೀಕ್ಷೆ. ಮೂರು ಸೆಂಟಿಮೀಟರ್ ಚೌಕದ ತುಂಡುಗಳನ್ನು ನೈಲಾನ್ ಬಲೆಯಲ್ಲಿಟ್ಟು ತೇವದ ಮಣ್ಣಲ್ಲಿ ಹೂತು ವಾರವಾರ ತೂಗುತ್ತಾರೆ. ಮೊದಲ ವಾರವೇ ತೂಕ ಕಾಲು ಭಾಗ ಇಳಿದರೆ ಹಿಗ್ಗಬೇಕಿಲ್ಲ. ಅದು ಬಹುಪಾಲು ಗ್ಲಿಸರಿನ್ ಮತ್ತು ಸಡಿಲ ಪಿಷ್ಟ ಮಣ್ಣಿನ ನೀರಿಗೆ ಜಾರಿಹೋದದ್ದು, ಸೂಕ್ಷ್ಮಜೀವಿ ತಿಂದದ್ದಲ್ಲ. ಅದೇ ಮಣ್ಣನ್ನು ಆಟೋಕ್ಲೇವಿನಲ್ಲಿ ಬೇಯಿಸಿ, ಜೀವಿಗಳನ್ನು ಕೊಂದು, ಇನ್ನೊಂದು ತುಂಡನ್ನು ಅದರಲ್ಲಿ ಹೂಳಬೇಕು. ಎರಡರ ನಡುವಿನ ವ್ಯತ್ಯಾಸವೇ ಕೊಳೆತ ಪಾಲು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗೆ ಇರುವ ಐಎಸ್ಒ 17088 ಎಂಬ ಅಂತರರಾಷ್ಟ್ರೀಯ ಮಾನದಂಡ ಕೊಳೆತದ್ದನ್ನು ತೂಕದಿಂದಲ್ಲ, ಹೊರಬಂದ ಇಂಗಾಲದ ಡೈಆಕ್ಸೈಡಿನಿಂದ ಅಳೆಯುತ್ತದೆ: 180 ದಿನದೊಳಗೆ ಇಂಗಾಲದ ಶೇಕಡಾ 90 ಅನಿಲವಾಗಬೇಕು, ಅದೂ ಸುಮಾರು 58 ಡಿಗ್ರಿಯ ಬಿಸಿ ಕಾಂಪೋಸ್ಟಿನಲ್ಲಿ. ಹಿತ್ತಲ ತಿಪ್ಪೆ ಸದಾ ಅಷ್ಟು ಬಿಸಿ ಇರುವುದಿಲ್ಲ.

ಸತು ಮಾತ್ರ ಕೊಳೆಯುವುದಿಲ್ಲ. ಹಾಳೆ ಹೋದ ಮೇಲೂ ಮಣ್ಣಲ್ಲಿ ಉಳಿಯುತ್ತದೆ. ಮೆಕ್ಕೆಜೋಳಕ್ಕೆ ಜಿಂಕ್ ಸಲ್ಫೇಟ್ ಹಾಕುವ ರೈತರಿಗೆ ಸತು ಬೆಳೆಗೆ ಬೇಕೆಂಬುದು ಗೊತ್ತೇ ಇದೆ, ಆದರೆ ಹೆಚ್ಚಾದಾಗ ಅದೇ ಸತು ಮಣ್ಣಿನ ಜೀವಿಗಳನ್ನೂ ಕೊಲ್ಲುತ್ತದೆ, ಹಾಳೆಯನ್ನು ಕೊಳೆಸಬೇಕಾದ ಜೀವಿಗಳೂ ಅದರಲ್ಲಿ ಸೇರಿವೆ. ಹಾಗಾಗಿ ರೋಗಾಣು ತಡೆಗೆ ಸಾಕಾಗುವ ಅತಿ ಕಡಿಮೆ ಪ್ರಮಾಣ ಯಾವುದೆಂದು ನೂರಕ್ಕೆ 0.5, 1, 2 ಭಾಗ ಎಂದು ಮೆಟ್ಟಿಲು ಮೆಟ್ಟಿಲಾಗಿ ಹುಡುಕಿ, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚು ಹಾಕದಿರುವುದು ಈ ಕೆಲಸದಲ್ಲಿರುವವರ ಹೊಣೆ.